ತೆರೆ ಸರಿಯುವ ಮುನ್ನ

1999ರ ಮೇ 18, ಮಂಗಳವಾರ. ಸ್ಯಾನ್ ಡಿಯೇಗೊದ ಥಿಯೇಟರ್ ಒಂದರ ಹೊರಗೆ, ಕಾರು ನಿಲ್ಲಿಸುವ ಅಂಗಳದ ಅಂಚಿಗೆ ಹಗ್ಗ ಕಟ್ಟಿ ಕ್ಯೂ ಮಾಡಿದ್ದರು. ನಾನು, ನಮ್ಮನೆಯವರು, ಒಂಬತ್ತು ವರ್ಷದ ಮಗ ಮೂವರೂ ಮಧ್ಯಾಹ್ನ ನಾಲ್ಕಕ್ಕೇ ಹೋಗಿ ಜಮಖಾನ ಹಾಸಿ ಕುಳಿತೆವು. 'ಸ್ಟಾರ್ ವಾರ್ಸ್' ಸರಣಿಯ ಹೊಸ ಚಿತ್ರ 'ದ ಫ್ಯಾಂಟಮ್ ಮೆನೇಸ್' ಶುರುವಾಗುವುದು ರಾತ್ರಿ ಹನ್ನೆರಡು ಕಳೆದು ಒಂದು ನಿಮಿಷಕ್ಕೆ. ಟಿಕೆಟ್ಟು ಮೊದಲೇ ಕೈಗೆ ಬಂದಿತ್ತು. ಆದರೆ ಆಗ ಸೀಟಿಗೆ ನಂಬರ್ ಇರಲಿಲ್ಲ, ಮೊದಲು ಬಂದವರಿಗೆ ಒಳ್ಳೆಯ ಜಾಗ. ಒಂದು ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ, ಇನ್ನೊಂದರಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆ. ನಮ್ಮ ಹಿಂದೆ ಕಂದು ಬಣ್ಣದ ಪರದೆ ಬಟ್ಟೆಯಿಂದ ತಾವೇ ಹೊಲಿದ ನಿಲುವಂಗಿ ತೊಟ್ಟ ಇಬ್ಬರು ಕಾಲೇಜು ಹುಡುಗರಿದ್ದರು. ನಾನು ಅವರಿಗೆ ಚಿತ್ರಾನ್ನ ಬಡಿಸಿದೆ. ಅವರು ನನ್ನ ಮಗನಿಗೆ ಹಿಂದಿನ ಮೂರೂ ಚಿತ್ರಗಳ ಕತೆಯನ್ನು ಅಭಿನಯ ಸಮೇತ ಹೇಳಿದರು. ಎಂಟು ಗಂಟೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ.

ಮುಂದಿನ ಭಾನುವಾರ ಸಾಗರದಿಂದ ಅಮ್ಮನ ಫೋನು ಬಂದಾಗ ಇದನ್ನೆಲ್ಲ ಹೇಳಿದೆ. "ಎಂತಕ್ಕೆ ಮಾರಾಯ್ತಿ, ಒಂದು ಸಿನಿಮಾಕ್ಕೆ ಎಂಟು ಗಂಟೆ ಬೀದಿಯಲ್ಲಿ ಕೂತ್ರಾ?" ಎಂದಳು. "ಮಾರಿಜಾತ್ರೆಗೆ ನಾವು ಎಷ್ಟು ಕಾಯ್ತಿದ್ವಿ ಅಮ್ಮ?" ಎಂದು ಕೇಳಿದೆ. ನಮ್ಮೂರ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಅದು ಇನ್ನೂ ಆರು ತಿಂಗಳಿದೆ ಎನ್ನುವಾಗಲೇ ಮನೆಯಲ್ಲಿ ಯಾರು ಯಾರು ಬರುತ್ತಾರೆ, ಎಲ್ಲಿ ಮಲಗಿಸುವುದು, ಯಾವ ನಾಟಕ ಕಂಪನಿಯ ಟೆಂಟು ಬರುತ್ತದೆ ಎಂಬ ಮಾತು ಶುರುವಾಗುತ್ತಿತ್ತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಹೌದು" ಎಂದಳು.

ಯಕ್ಷಗಾನ ನೋಡಿ ಬೆಳೆದವರಿಗೆ ಈ ಕಾಯುವಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ಬಣ್ಣದ ವೇಷ ಒಮ್ಮೆಲೇ ರಂಗಕ್ಕೆ ಬಂದುಬಿಡುವುದಿಲ್ಲ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ, ಚಂಡೆ ಏರುತ್ತದೆ, ತೆರೆಯ ಮೇಲೆ ಕಿರೀಟದ ತುದಿಯಷ್ಟೇ ಕಂಡು ಮರೆಯಾಗುತ್ತದೆ. ಪೂರ್ತಿ ಮುಖ ಕಾಣುವಷ್ಟರಲ್ಲಿ ಕಂಬಳಿಯೊಳಗೆ ಮಲಗಿದ್ದ ಮಕ್ಕಳೆಲ್ಲ ಎದ್ದು ಕುಳಿತಿರುತ್ತಾರೆ. ತೆರೆ ಒಡ್ಡೋಲಗ ಎನ್ನುವುದು ಇದಕ್ಕೇ. ಸೂಪರ್‌ಹೀರೊ ಮತ್ತು ವೈಜ್ಞಾನಿಕ ಕಲ್ಪನೆಯ ಕತೆಗಳು ಪುಸ್ತಕದಿಂದ ತೆರೆಗೆ ಬರುವಾಗ ಅಮೆರಿಕದಲ್ಲಿ ನಡೆಯುವುದೂ ಅಂಥ ಒಡ್ಡೋಲಗವೇ. ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. 1988ರಲ್ಲಿ ಮದುವೆಯಾಗಿ ಸ್ಯಾನ್ ಡಿಯೇಗೊಗೆ ಬಂದವಳು ನಾನು. ಅಂದಿನಿಂದ ಆ ಆಚಾರವನ್ನು ಹತ್ತಿರದಿಂದ ಕಂಡಿದ್ದೇನೆ. ಅದನ್ನು ಸಿನಿಮಾ ಕಂಪನಿಗಳ ಜಾಹೀರಾತು ಹುಟ್ಟಿಸಿತು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಅದನ್ನು ಕಟ್ಟಿದವರು ಕಾದವರೇ.

ಇದನ್ನು ನನಗೆ ಕಲಿಸಿದವರು ಸಾರ್ವಜನಿಕ ಗ್ರಂಥಾಲಯದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯ ಗೆಳೆಯರು. ಹಿಂತಿರುಗಿ ಬಂದ ಪುಸ್ತಕಗಳನ್ನು ಗಾಡಿಯಲ್ಲಿಟ್ಟು ಕಪಾಟಿಗೆ ಸೇರಿಸುತ್ತಾ ಅವರು ಹೇಳಿದ ಮಾತುಗಳ ಬೆನ್ನು ಹತ್ತಿ, ಅದೇ ಗ್ರಂಥಾಲಯದ ಹಳೆಯ ಪತ್ರಿಕೆಗಳನ್ನೂ ಪುಸ್ತಕಗಳನ್ನೂ ನಾನು ಓದುತ್ತಾ ಹೋದೆ.

ಕತೆ ಶುರುವಾಗುವುದು ಅಂಚೆಯಿಂದ. 1926ರ ಏಪ್ರಿಲ್‌ನಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ನ್ಯೂಯಾರ್ಕಿನಿಂದ 'ಅಮೇಜಿಂಗ್ ಸ್ಟೋರೀಸ್' ಎಂಬ ಮಾಸಪತ್ರಿಕೆ ತಂದರು. ವೈಜ್ಞಾನಿಕ ಕಲ್ಪನೆಯ ಕತೆಗಳಿಗೇ ಮೀಸಲಾದ ಪತ್ರಿಕೆ ಅದು. ಓದುಗರ ಪತ್ರಗಳನ್ನು ಅಚ್ಚು ಮಾಡುವಾಗ ಬರೆದವರ ಪೂರ್ತಿ ವಿಳಾಸವನ್ನೂ ಹಾಕುತ್ತಿದ್ದರು. ಆ ಒಂದು ರೂಢಿಯಿಂದ ದೇಶದ ಮೂಲೆಮೂಲೆಗಳಲ್ಲಿ ಒಂಟಿಯಾಗಿ ಓದುತ್ತಿದ್ದ ಹುಡುಗರು ಸಂಪಾದಕರನ್ನು ಬಿಟ್ಟು ಒಬ್ಬರಿಗೊಬ್ಬರು ಬರೆಯತೊಡಗಿದರು. ಸಂಘಗಳಾದವು, ಕೈಯಿಂದ ತಿರುಗಿಸುವ ಯಂತ್ರದಲ್ಲಿ ಅಚ್ಚಾದ ಪುಟ್ಟ ಪತ್ರಿಕೆಗಳಾದವು. 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ ಸೇರಿತು. ಬಂದವರು ಇನ್ನೂರರಷ್ಟು ಜನ.

ಆ ಸಮ್ಮೇಳನಕ್ಕೆ ಲಾಸ್ ಏಂಜಲಿಸ್‌ನಿಂದ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಬಂದಿದ್ದರು. ಇಬ್ಬರ ಮೈಮೇಲೂ ಭವಿಷ್ಯದ ಲೋಕದ ಉಡುಪು. ಎರಡನ್ನೂ ಹೊಲಿದವರು ಮರ್ಟಲ್. ಎಚ್.ಜಿ. ವೆಲ್ಸ್ ತಮ್ಮದೇ ಪುಸ್ತಕವನ್ನು ಆಧರಿಸಿ ಚಿತ್ರಕಥೆ ಬರೆದಿದ್ದ 1936ರ 'ಥಿಂಗ್ಸ್ ಟು ಕಮ್' ಚಿತ್ರದ ಉಡುಪುಗಳು ಅವರಿಗೆ ಮಾದರಿಯಾಗಿದ್ದವು. ಪರದೆ ಬಟ್ಟೆಯ ನಿಲುವಂಗಿ ತೊಟ್ಟು ನನ್ನ ಕೈಯ ಚಿತ್ರಾನ್ನ ಉಂಡ ಆ ಹುಡುಗರ ವಂಶದ ಮೂಲ ಇಲ್ಲಿದೆ. ಒಬ್ಬ ಹೆಣ್ಣುಮಗಳು ಸೂಜಿ ದಾರ ಹಿಡಿದು ಶುರುಮಾಡಿದ ಕೆಲಸ ಅದು. ಅವರ ಹೆಸರನ್ನು ಬಹುಕಾಲ ಯಾರೂ ಹೆಚ್ಚಾಗಿ ಹೇಳಲಿಲ್ಲ ಎಂಬ ಕೊರಗು ನನಗಿದೆ.

ಅದೇ ಕಾಲದಲ್ಲಿ ಮಕ್ಕಳು ಥಿಯೇಟರಿನಲ್ಲಿ ಕಾಯಲು ಕಲಿತರು. ದಿನಪತ್ರಿಕೆಯ ಚಿತ್ರಕತೆಯಿಂದ ಬಂದ 'ಫ್ಲ್ಯಾಶ್ ಗಾರ್ಡನ್' 1936ರಲ್ಲಿ 13 ಕಂತುಗಳಲ್ಲಿ ತೆರೆಗೆ ಬಂತು. 1941ರಲ್ಲಿ ಬಂದ 12 ಕಂತುಗಳ 'ಅಡ್ವೆಂಚರ್ಸ್ ಆಫ್ ಕ್ಯಾಪ್ಟನ್ ಮಾರ್ವೆಲ್', ಕಾಮಿಕ್ಸಿನ ಸೂಪರ್‌ಹೀರೊ ಒಬ್ಬ ನಿಜ ನಟನ ರೂಪದಲ್ಲಿ ತೆರೆಗೆ ಬಂದ ಮೊದಲ ಸರಣಿ. 1948ರಲ್ಲಿ 'ಸೂಪರ್‌ಮ್ಯಾನ್' 15 ಕಂತುಗಳಲ್ಲಿ ಬಂದ. ಅವನು ಹಾರುವ ದೃಶ್ಯಗಳನ್ನು ಕೈಯಿಂದ ಬರೆದ ಚಿತ್ರಗಳಲ್ಲಿ ತೋರಿಸಿದ್ದರು. ಪ್ರತಿ ಕಂತೂ ನಾಯಕ ಸಾವಿನ ಬಾಯಲ್ಲಿರುವಾಗ ನಿಲ್ಲುತ್ತಿತ್ತು. ಉಳಿದದ್ದು ಮುಂದಿನ ವಾರ. ವಾರಪತ್ರಿಕೆಯ ಧಾರಾವಾಹಿಗಾಗಿ ಬಸ್‌ಸ್ಟ್ಯಾಂಡಿನ ಅಂಗಡಿಗೆ ಓಡಿದ ನಮ್ಮ ತಲೆಮಾರಿಗೆ ಆ ಏಳು ದಿನಗಳ ರುಚಿ ಚೆನ್ನಾಗಿ ಗೊತ್ತು. ಕತೆಗಾರ ಬರೆಯದ ಕಂತನ್ನು ಆ ಏಳು ದಿನಗಳಲ್ಲಿ ಓದುವವರೇ ಬರೆದುಕೊಳ್ಳುತ್ತಾರೆ.

ಕಾದವರ ಕೈಗೆ ಬಲವಿದೆ ಎಂದು ಮೊದಲು ಗೊತ್ತಾದದ್ದು 'ಸ್ಟಾರ್ ಟ್ರೆಕ್' ಟಿವಿ ಸರಣಿಯಿಂದ. 1967ರ ಕೊನೆಗೆ ಅದು ನಿಲ್ಲುತ್ತದೆ ಎಂಬ ಸುದ್ದಿ ಹಬ್ಬಿದಾಗ ಬೀಜೊ ಮತ್ತು ಜಾನ್ ಟ್ರಿಂಬಲ್ ದಂಪತಿ ಪತ್ರ ಚಳವಳಿ ಶುರುಮಾಡಿದರು. ಹೇಗೆ ಬರೆಯಬೇಕು, ಯಾರಿಗೆ ಬರೆಯಬೇಕು, ಎಷ್ಟು ಮರ್ಯಾದೆಯಿಂದ ಬರೆಯಬೇಕು ಎಂಬ ಸೂಚನೆಗಳನ್ನು ಅಂಚೆಯಲ್ಲಿ ಹಂಚಿದರು. ಎನ್‌ಬಿಸಿ ವಾಹಿನಿಗೆ ಒಂದು ಲಕ್ಷಕ್ಕೂ ಮೀರಿ ಪತ್ರಗಳು ಬಂದವು. 1968ರ ಮಾರ್ಚ್ 1ರಂದು ಕಂತು ಮುಗಿಯುತ್ತಿದ್ದಂತೆ ಸರಣಿ ಮುಂದುವರಿಯುತ್ತದೆ ಎಂದು ವಾಹಿನಿ ಪ್ರಸಾರದಲ್ಲೇ ಹೇಳಿತು.

ಇನ್ನು ನಮ್ಮೂರು. 1970ರ ಆಗಸ್ಟ್ 1ರಿಂದ ಮೂರು ದಿನ ಸ್ಯಾನ್ ಡಿಯೇಗೊದ ಯು.ಎಸ್. ಗ್ರ್ಯಾಂಟ್ ಹೋಟೆಲಿನ ನೆಲಮಾಳಿಗೆಯಲ್ಲಿ ಕಾಮಿಕ್ಸ್ ಓದುಗರ ಸಮಾವೇಶ ನಡೆಯಿತು. ಶೆಲ್ ಡಾರ್ಫ್ ಎಂಬವರು ಊರಿನ ಕೆಲವು ಹುಡುಗರನ್ನು ಕಟ್ಟಿಕೊಂಡು ಮಾಡಿದ್ದು. ಬಂದವರು ಮುನ್ನೂರು ಜನ. ಲೇಖಕ ರೇ ಬ್ರಾಡ್‌ಬರಿ, ಚಿತ್ರಕಾರ ಜಾಕ್ ಕರ್ಬಿ ಅತಿಥಿಗಳಾಗಿದ್ದರು. ನನ್ನ ಗ್ರಂಥಾಲಯದ ಗೆಳೆಯರಿಗೆ ಆಗ ಹದಿನೈದು ವರ್ಷ. ಸೈಕಲ್ಲಿನಲ್ಲಿ ಹೋಗಿದ್ದರಂತೆ. "ನಾನು ಓದುವುದನ್ನೇ ಓದುವ ಇನ್ನೊಬ್ಬ ಮನುಷ್ಯನನ್ನು ಅವತ್ತು ಮೊದಲ ಸಲ ನೋಡಿದೆ" ಎಂದು ಅವರು ಹೇಳುವಾಗ ಇಷ್ಟು ವರ್ಷಗಳ ನಂತರವೂ ದನಿ ಬದಲಾಗುತ್ತಿತ್ತು. ಇವತ್ತು ಲಕ್ಷಕ್ಕೂ ಹೆಚ್ಚು ಜನ ಸೇರುವ ಕಾಮಿಕ್-ಕಾನ್ ಎಂಬ ಜಾತ್ರೆ ಆ ನೆಲಮಾಳಿಗೆಯ ಮರಿ.

ಆರು ವರ್ಷದ ನಂತರ, 1976ರ ಬೇಸಿಗೆಯಲ್ಲಿ, ಇದೇ ಸಮಾವೇಶಕ್ಕೆ ಚಾರ್ಲ್ಸ್ ಲಿಪಿನ್‌ಕಾಟ್ ಎಂಬವರು ಒಂದಿಷ್ಟು ಸ್ಲೈಡುಗಳನ್ನು ಹಿಡಿದು ಬಂದರು. ಜಾರ್ಜ್ ಲ್ಯೂಕಸ್ ಮಾಡುತ್ತಿದ್ದ, ಯಾರೂ ಹೆಸರು ಕೇಳಿರದ 'ಸ್ಟಾರ್ ವಾರ್ಸ್' ಎಂಬ ಚಿತ್ರದ ಪ್ರಚಾರ ಅವರ ಕೆಲಸ. ಜೊತೆಗೆ ಕಾಮಿಕ್ಸ್ ಲೇಖಕ ರಾಯ್ ಥಾಮಸ್, ಚಿತ್ರಕಾರ ಹೊವಾರ್ಡ್ ಚೇಕಿನ್ ಇದ್ದರು. ಸೆಪ್ಟೆಂಬರಿನಲ್ಲಿ ಕಾನ್ಸಾಸ್ ಸಿಟಿಯ ವಿಶ್ವ ಸಮ್ಮೇಳನಕ್ಕೂ ಹೋದರು. ನಟ ಮಾರ್ಕ್ ಹ್ಯಾಮಿಲ್ ಕೂಡ ಅಲ್ಲಿದ್ದರು. ಚಿತ್ರಕ್ಕೆ ಮೊದಲೇ ಅದರ ಕಾದಂಬರಿ ರೂಪ ಅಂಗಡಿಗೆ ಬಂತು, ಆಮೇಲೆ ಮಾರ್ವೆಲ್ ಕಂಪನಿಯ ಕಾಮಿಕ್ಸ್ ಬಂತು. 1977ರ ಮೇ 25ರಂದು ಚಿತ್ರ ಬರೀ 32 ಥಿಯೇಟರುಗಳಲ್ಲಿ ತೆರೆಕಂಡಾಗ ಹೊರಗೆ ಕ್ಯೂ ಇತ್ತು. ದಾರಿಹೋಕರು ಆ ಕ್ಯೂ ನೋಡಿ ನಿಂತರು. ಸಿನಿಮಾ ಕಂಪನಿಯವರು ಕಾಯುವವರ ಬಾಗಿಲಿಗೆ ತಾವೇ ಬಂದು ತಟ್ಟಿದ್ದು ಅದೇ ಮೊದಲು ಎನ್ನಬಹುದು. ಆಮೇಲೆ ಆ ದಾರಿ ಅವರಿಗೆ ಮರೆಯಲಿಲ್ಲ.

ನಾನು ಇಲ್ಲಿಗೆ ಬಂದ ವರ್ಷ ಎಲ್ಲರ ಬಾಯಲ್ಲಿದ್ದದ್ದು 'ಬ್ಯಾಟ್‌ಮನ್'. ಟಿಮ್ ಬರ್ಟನ್ ನಿರ್ದೇಶಿಸುತ್ತಿದ್ದ ಆ ಚಿತ್ರಕ್ಕೆ ಮೈಕೆಲ್ ಕೀಟನ್ ನಾಯಕ ಎಂದು ಪ್ರಕಟವಾದದ್ದೇ ಕಾಮಿಕ್ಸ್ ಓದುಗರು ಸಿಡಿದೆದ್ದರು. ಕೀಟನ್ ಹಾಸ್ಯನಟ. 1966ರ ಟಿವಿ ಸರಣಿಯಲ್ಲಿ ಬ್ಯಾಟ್‌ಮನ್ ನಗೆಪಾಟಲಿಗೀಡಾಗಿದ್ದ. ಇಪ್ಪತ್ತು ವರ್ಷ ಕಾದು ಮತ್ತೆ ಅದನ್ನೇ ನೋಡಬೇಕೇ ಎಂಬ ನೋವು ಅವರದು. ವಾರ್ನರ್ ಬ್ರದರ್ಸ್ ಕಚೇರಿಗೆ 50,000 ಪ್ರತಿಭಟನೆಯ ಪತ್ರಗಳು ಬಂದವೆಂದು ಆ ಕಾಲದ ವರದಿಗಳು ಹೇಳುತ್ತವೆ. 'ವಾಲ್ ಸ್ಟ್ರೀಟ್ ಜರ್ನಲ್' ಇದನ್ನು ಮುಖಪುಟದ ಸುದ್ದಿ ಮಾಡಿತು.

ಆ ಪತ್ರಗಳಲ್ಲಿ ಒಂದು ನನ್ನ ಗೆಳೆಯರದು. ಎರಡು ಪುಟ, ಟೈಪ್ ಮಾಡಿದ್ದು.

ಕಂಪನಿ ಉತ್ತರ ಕೊಟ್ಟದ್ದು ಟ್ರೇಲರ್‌ನಿಂದ. ನಿರ್ಮಾಪಕ ಜಾನ್ ಪೀಟರ್ಸ್, ಚಿತ್ರೀಕರಣ ನಡೆಯುತ್ತಿರುವಾಗಲೇ ಸಿಕ್ಕ ತುಣುಕುಗಳನ್ನು ಜೋಡಿಸಿ ಸಂಗೀತವೂ ಇಲ್ಲದ ಒಂದು ಟ್ರೇಲರ್ ಮಾಡಿಸಿ ಥಿಯೇಟರುಗಳಿಗೆ ಕಳುಹಿಸಿದರು. ಕತ್ತಲೆ, ಕಪ್ಪು ಕವಚದ ಆಕೃತಿ. ನಗೆಪಾಟಲು ಎಲ್ಲೂ ಇರಲಿಲ್ಲ. ಅದೊಂದನ್ನು ನೋಡಲೆಂದೇ ಬೇರೆ ಚಿತ್ರಕ್ಕೆ ಪೂರ್ತಿ ದುಡ್ಡು ಕೊಟ್ಟು ಒಳಹೋಗಿ, ಟ್ರೇಲರ್ ಮುಗಿದೊಡನೆ ಎದ್ದುಬಂದವರು ಎಷ್ಟೋ ಜನ. ಕಾಮಿಕ್ಸ್ ಮೇಳಗಳಲ್ಲಿ ಅದರ ಕಳ್ಳ ಕ್ಯಾಸೆಟ್ಟುಗಳು ಮಾರಾಟವಾದವು. 1989ರ ಜೂನ್ ಹೊತ್ತಿಗೆ ಹಳದಿ ಅಂಡಾಕಾರದೊಳಗೆ ಕಪ್ಪು ಬಾವಲಿಯಿದ್ದ ಟೀ ಶರ್ಟು ತೊಡದ ಹುಡುಗರೇ ನಮ್ಮ ಬೀದಿಯಲ್ಲಿರಲಿಲ್ಲ. ಇಂಗ್ಲಿಷ್ ಸರಿಯಾಗಿ ಬಾಯಿಗೆ ಬಾರದ ಆ ದಿನಗಳಲ್ಲಿ ಪಕ್ಕದ ಮನೆಯಾಕೆ ನನ್ನ ಜೊತೆ ಮೊದಲ ಬಾರಿ ನಿಂತು ಮಾತಾಡಿದ್ದು ಆ ಚಿತ್ರದ ಬಗ್ಗೆ. ಜೂನ್ 23ರಂದು ತೆರೆಕಂಡ ಚಿತ್ರ ಮೊದಲ ಮೂರು ದಿನಗಳಲ್ಲೇ 4 ಕೋಟಿ ಡಾಲರ್ ಗಳಿಸಿ ಆವರೆಗಿನ ದಾಖಲೆ ಮುರಿಯಿತು. ಕೀಟನ್ ಇವತ್ತಿಗೂ ಹಲವರಿಗೆ ಮೆಚ್ಚಿನ ಬ್ಯಾಟ್‌ಮನ್.

ನನ್ನ ಗೆಳೆಯರು ಚಿತ್ರ ನೋಡಿ ಬಂದ ಮರುದಿನ ಇನ್ನೊಂದು ಪತ್ರ ಬರೆದರು. ಅದರಲ್ಲಿ ತಾನು ತಪ್ಪು ತಿಳಿದಿದ್ದೆ, ಕ್ಷಮಿಸಿ ಎಂದಿತ್ತು. ಅದರ ಕಾರ್ಬನ್ ಪ್ರತಿಯನ್ನು ಅವರು ಜೋಪಾನವಾಗಿಟ್ಟಿದ್ದರು. ಮೊದಲನೆಯ ಪತ್ರದ ಪ್ರತಿ ಇಟ್ಟಿರಲಿಲ್ಲ.

ಎಷ್ಟು ಕಾದರೂ ಸಿಗದೇ ಹೋದದ್ದೂ ಉಂಟು. 'ಫೆಂಟಾಸ್ಟಿಕ್ ಫೋರ್' ಮಾರ್ವೆಲ್‌ನ ಹಳೆಯ, ಪ್ರೀತಿಯ ಕಾಮಿಕ್ಸ್. ಅದರ ಚಿತ್ರದ ಹಕ್ಕು ಜರ್ಮನಿಯ ನಿರ್ಮಾಪಕ ಬರ್ನ್ಡ್ ಐಷಿಂಗರ್ ಬಳಿಯಿತ್ತು. 1992 ಮುಗಿಯುವುದರೊಳಗೆ ಚಿತ್ರೀಕರಣ ಶುರುವಾಗದಿದ್ದರೆ ಹಕ್ಕು ಕೈತಪ್ಪುತ್ತಿತ್ತು. ಕಡಿಮೆ ಖರ್ಚಿನ ಚಿತ್ರಗಳಿಗೆ ಹೆಸರಾದ ರೋಜರ್ ಕಾರ್ಮನ್ ಜೊತೆಗೂಡಿ, ಹತ್ತು ಲಕ್ಷ ಡಾಲರಿನಷ್ಟು ಹಣದಲ್ಲಿ, ಡಿಸೆಂಬರ್ 28ರಂದು ಕ್ಯಾಮೆರಾ ಓಡಿಸಿಯೇಬಿಟ್ಟರು. ನಟರು ಮನಸಿಟ್ಟು ಮಾಡಿದರು. ಮುಗಿದ ಮೇಲೆ ತಮ್ಮ ಸ್ವಂತ ಹಣ ಹಾಕಿ ಊರೂರಿನ ಮೇಳಗಳಿಗೆ ಹೋಗಿ ಅಭಿಮಾನಿಗಳನ್ನು ಕಂಡರು. 1994ರ ಜನವರಿಯಲ್ಲಿ ಮಿನೆಸೋಟದಲ್ಲಿ ಮೊದಲ ಪ್ರದರ್ಶನ ಎಂದು ಗೊತ್ತಾಗಿತ್ತು. ಅದು ರದ್ದಾಯಿತು. ಚಿತ್ರ ಥಿಯೇಟರಿಗೆ ಬರಲೇ ಇಲ್ಲ.

ಕೆಲವು ವರ್ಷಗಳ ನಂತರ ಗೆಳೆಯರ ಮನೆಯಲ್ಲಿ ಅದರ ಕಳ್ಳ ಕ್ಯಾಸೆಟ್ಟನ್ನು ನಾನೂ ನೋಡಿದೆ. ಪ್ರತಿಯಿಂದ ಪ್ರತಿ ತೆಗೆದು ತೆಗೆದು ಬಣ್ಣವೆಲ್ಲ ಕದಡಿ ಹೋಗಿತ್ತು. ರಬ್ಬರಿನ ಕಲ್ಲುಮೈ ತೊಟ್ಟ ನಟನ ಕಣ್ಣಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು. ನಾವು ಆರು ಜನ ಸದ್ದಿಲ್ಲದೆ ನೋಡಿದೆವು. ಮುಗಿದಾಗ ಗೆಳೆಯರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಆ ನಟರಿಗೆ ಥಿಯೇಟರಿನಲ್ಲಿ ಸಿಗಬೇಕಾಗಿದ್ದ ಚಪ್ಪಾಳೆಯನ್ನು ನಾವು ಆ ಕೋಣೆಯಲ್ಲಿ ಕೊಟ್ಟೆವು.

'ಸ್ಪೈಡರ್-ಮ್ಯಾನ್'ಗಾಗಿ ಕಾದವರ ಕತೆ ಇನ್ನೂ ಉದ್ದ. 1985ರಲ್ಲಿ ಕ್ಯಾನನ್ ಎಂಬ ಕಂಪನಿ ಅದರ ಹಕ್ಕನ್ನು 2,25,000 ಡಾಲರಿಗೆ ಕೊಂಡಿತು. ಆ ಕಂಪನಿ ಮುಳುಗಿತು. ಹಕ್ಕು ಇನ್ನೊಂದು ಕಂಪನಿಯ ಪಾಲಾಯಿತು, ಜೇಮ್ಸ್ ಕ್ಯಾಮರಾನ್ ಕತೆ ಬರೆದರು, ಆ ಕಂಪನಿಯೂ ದಿವಾಳಿಯಾಯಿತು. ಮಾರ್ವೆಲ್ ಕೂಡ 1996ರಲ್ಲಿ ದಿವಾಳಿ ಅರ್ಜಿ ಹಾಕಿತು. ಕೋರ್ಟಿನ ವ್ಯಾಜ್ಯಗಳು ಮುಗಿದು ಹಕ್ಕು ಸೋನಿಯ ಕೈಸೇರಿದ್ದು 1999ರಲ್ಲಿ. 2001ರಲ್ಲಿ ಬಂದ ಮೊದಲ ಟೀಸರ್‌ನಲ್ಲಿ ಹೆಲಿಕಾಪ್ಟರೊಂದು ನ್ಯೂಯಾರ್ಕಿನ ಅವಳಿ ಗೋಪುರಗಳ ನಡುವೆ ಹೆಣೆದ ಬಲೆಯಲ್ಲಿ ಸಿಕ್ಕಿಬೀಳುತ್ತಿತ್ತು. ಸೆಪ್ಟೆಂಬರ್ 11ರ ನಂತರ ಅದನ್ನು ಹಿಂತೆಗೆದುಕೊಂಡರು. ಸ್ಯಾಮ್ ರೈಮಿ ನಿರ್ದೇಶನದ ಚಿತ್ರ 2002ರ ಮೇ 3ರಂದು ತೆರೆಗೆ ಬಂದಾಗ ಒಂದೇ ವಾರಾಂತ್ಯದಲ್ಲಿ 10 ಕೋಟಿ ಡಾಲರ್ ದಾಟಿದ ಮೊದಲ ಚಿತ್ರವಾಯಿತು. 1985ರಲ್ಲಿ ಹತ್ತು ವರ್ಷದವರಾಗಿದ್ದವರು ಅವತ್ತು ತಮ್ಮ ಮಕ್ಕಳನ್ನು ಕರೆತಂದಿದ್ದರು.

1998ರ ನವೆಂಬರಿನಲ್ಲಿ 'ಫ್ಯಾಂಟಮ್ ಮೆನೇಸ್'ನ ಟ್ರೇಲರ್ ಮೊದಲು 75 ಥಿಯೇಟರುಗಳಲ್ಲಿ ಬಂದಾಗ ಜನ ಮತ್ತೆ ಟಿಕೆಟ್ ಕೊಂಡು, ಅದನ್ನಷ್ಟೇ ನೋಡಿ ಎದ್ದುಬಂದರು. ಆದರೆ ಈ ಸಲ ಅದು ಅಂತರ್ಜಾಲದಲ್ಲೂ ಬಂತು. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಎರಡು ನಿಮಿಷದ ಆ ದೃಶ್ಯ ಇಳಿಯಲು ರಾತ್ರಿಯಿಡೀ ಬೇಕಾಯಿತು. ಫೋನಿನ ತಂತಿ ಅದಕ್ಕೇ ಮೀಸಲು. ಸಾಗರದಿಂದ ಫೋನ್ ಬಂದರೆ ಸಿಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಅಂಚೆಚೀಟಿಯಷ್ಟು ಅಗಲದ ಚಿತ್ರವನ್ನು ಮಗ ಇಪ್ಪತ್ತು ಸಲ ನೋಡಿದ. ಆ ವಸಂತದಲ್ಲಿ ಹಾಲಿವುಡ್ಡಿನ ಚೈನೀಸ್ ಥಿಯೇಟರ್ ಮುಂದೆ ಅಭಿಮಾನಿಗಳು ಏಪ್ರಿಲ್ ಮೊದಲ ವಾರದಿಂದಲೇ ಪಾಳಿಯ ಮೇಲೆ ಕ್ಯೂ ನಿಂತು, ಕಾಯಿಲೆಯ ಮಕ್ಕಳಿಗೆ ನೆರವಾಗುವ ಸಂಸ್ಥೆಗಾಗಿ ಹಣ ಕೂಡಿಸಿದರು. ನಾನು ಈ ಆಚಾರವನ್ನು ಪ್ರೀತಿಸತೊಡಗಿದ್ದು ಆ ಸುದ್ದಿ ಓದಿದ ದಿನ.

ಮಗ ದೊಡ್ಡವನಾದ ಮೇಲೆ ಕ್ಯೂ ಕಾಮಿಕ್-ಕಾನ್‌ನ 'ಹಾಲ್ ಎಚ್' ಕಡೆ ಹೊರಳಿತು. ಆರು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಆ ಸಭಾಂಗಣಕ್ಕೆ ಹಿಂದಿನ ರಾತ್ರಿಯೇ ಹೋಗಿ ಕಡಲ ಪಕ್ಕದ ಹುಲ್ಲಿನ ಮೇಲೆ ಮಲಗಬೇಕು. 2010ರಲ್ಲಿ 'ಅವೆಂಜರ್ಸ್' ಚಿತ್ರದ ನಟರೆಲ್ಲ ಮೊದಲ ಬಾರಿ ಒಟ್ಟಾಗಿ ನಿಂತದ್ದು ಆ ವೇದಿಕೆಯಲ್ಲಿ. 2013ರ ಜುಲೈನಲ್ಲಿ ನಾನೂ ಮಗನ ಜೊತೆ ಒಳಗಿದ್ದೆ. ದೀಪಗಳೆಲ್ಲ ಆರಿದವು. ಗದ್ದಲ ನಿಂತಿತು. ಬೆಳಕು ಬಂದಾಗ ನಟ ಟಾಮ್ ಹಿಡಲ್‌ಸ್ಟನ್ ಕೊಂಬಿನ ಕಿರೀಟವಿಲ್ಲದೆಯೂ ಖಳನಾಯಕ ಲೋಕಿಯ ಪೂರ್ತಿ ವೇಷದಲ್ಲೇ ನಿಂತು ಸಭೆಯನ್ನು ಗದರಿಸುತ್ತಿದ್ದರು. ಆರು ಸಾವಿರ ಜನ ಒಂದೇ ದನಿಯಲ್ಲಿ ಆ ಹೆಸರು ಕೂಗಿದರು. ನನಗೆ ಚಂಡೆ ಕೇಳಿಸಿತು. ಗದ್ದೆಬಯಲಲ್ಲಿ ಅಪ್ಪನ ತೊಡೆಯ ಮೇಲೆ ಕುಳಿತು ನೋಡಿದ ಬಣ್ಣದ ವೇಷದ ಪ್ರವೇಶ ಕಣ್ಣೆದುರು ಬಂತು. 2024ರಲ್ಲಿ ಅದೇ ವೇದಿಕೆಯಲ್ಲಿ ಹಸಿರು ನಿಲುವಂಗಿಯ ಮುಖವಾಡದವರ ಸಾಲಿನಿಂದ ಒಬ್ಬರು ಮುಂದೆ ಬಂದು ಮುಖವಾಡ ತೆಗೆದರು: ಡಾಕ್ಟರ್ ಡೂಮ್ ಪಾತ್ರದಲ್ಲಿ ರಾಬರ್ಟ್ ಡೌನಿ ಜೂನಿಯರ್. ಅದನ್ನು ಮನೆಯಲ್ಲಿ ಫೋನಿನಲ್ಲಿ ನೋಡಿದೆ.

ಫೋನಿನಲ್ಲಿ ನೋಡಿದೆ ಎಂದೆನಲ್ಲ, ಬದಲಾದದ್ದು ಅದೇ. 2008ರ 'ಐರನ್ ಮ್ಯಾನ್' ಚಿತ್ರದ ಕೊನೆಯ ಹೆಸರುಗಳೆಲ್ಲ ಉರುಳಿದ ಮೇಲೆ ಒಂದು ಪುಟ್ಟ ದೃಶ್ಯ ಬಂತು, ಮುಂದಿನ ಚಿತ್ರಗಳ ಸುಳಿವು ಕೊಟ್ಟಿತು. ಒಂದು ಚಿತ್ರ ಮುಗಿದ ಕ್ಷಣದಲ್ಲೇ ಇನ್ನೊಂದರ ಕಾಯುವಿಕೆ ಶುರು. 2014ರ ಅಕ್ಟೋಬರಿನಲ್ಲಿ ವಾರ್ನರ್ ಬ್ರದರ್ಸ್ 2020ರವರೆಗಿನ ಹತ್ತು ಚಿತ್ರಗಳ ಪಟ್ಟಿ ಕೊಟ್ಟಿತು. ಎರಡು ವಾರದಲ್ಲಿ ಮಾರ್ವೆಲ್‌ನ ಕೆವಿನ್ ಫೈಗಿ ಒಂಬತ್ತು ಚಿತ್ರಗಳ ದಿನಾಂಕ ಪ್ರಕಟಿಸಿದರು. ಕಾಯುವಿಕೆ ಈಗ ಕಂಪನಿಯ ಪಂಚಾಂಗಕ್ಕೆ ಸೇರಿತು. ವಾರ್ನರ್ ಪಟ್ಟಿಯಲ್ಲಿದ್ದ 'ಸೈಬೋರ್ಗ್', 'ಗ್ರೀನ್ ಲ್ಯಾಂಟರ್ನ್' ಚಿತ್ರಗಳು ಬರಲೇ ಇಲ್ಲ. ಇತ್ತ ಥಿಯೇಟರುಗಳಲ್ಲಿ ಸೀಟಿಗೆ ನಂಬರ್ ಬಂತು. 2019ರಲ್ಲಿ 'ಅವೆಂಜರ್ಸ್: ಎಂಡ್‌ಗೇಮ್' ಟಿಕೆಟ್ ಮಾರಾಟ ತೆರೆದ ದಿನ ಕ್ಯೂ ಇದ್ದದ್ದು ಕಂಪ್ಯೂಟರಿನೊಳಗೆ, ಟಿಕೆಟ್ ಮಾರುವ ತಾಣಗಳು ನೂಕುನುಗ್ಗಲಿಗೆ ಕುಸಿದವು. ನಾನು ಆ ಕ್ಯೂನಲ್ಲೂ ಇದ್ದೆ. ನನ್ನ ಮುಂದೆ ಹಿಂದೆ ಯಾರಿದ್ದಾರೆಂದು ಕಾಣುತ್ತಿರಲಿಲ್ಲ. ಚಿತ್ರಾನ್ನ ಕೊಡಲು ಅಲ್ಲಿ ಯಾರೂ ಇರಲಿಲ್ಲ.

ಪಕ್ಕದವರ ಮುಖ ಕಾಣದೇ ಹೋದ ಈ ವರ್ಷಗಳಲ್ಲೇ ಕಾಯುವಿಕೆಗೆ ವಿಷ ಬೆರೆತದ್ದು ಎಂದು ನನಗನಿಸುತ್ತದೆ. 'ಸ್ಟಾರ್ ವಾರ್ಸ್' ಸರಣಿಯ 'ದ ಲಾಸ್ಟ್ ಜೆಡೈ' ಚಿತ್ರದಲ್ಲಿ ನಟಿಸಿದ ಕೆಲಿ ಮರೀ ಟ್ರಾನ್ ಅವರನ್ನು ಅವರ ಜನಾಂಗಕ್ಕಾಗಿ, ಮೈಕಟ್ಟಿಗಾಗಿ ಜರಿದು ಜರಿದು 2018ರಲ್ಲಿ ಅವರು ತಮ್ಮ ಇನ್‌ಸ್ಟಾಗ್ರಾಮ್ ಪುಟವನ್ನೇ ಖಾಲಿ ಮಾಡುವಂತೆ ಮಾಡಿದರು. 2019ರ ಫೆಬ್ರುವರಿಯಲ್ಲಿ 'ಕ್ಯಾಪ್ಟನ್ ಮಾರ್ವೆಲ್' ಇನ್ನೂ ತೆರೆಗೆ ಬಂದಿರಲಿಲ್ಲ. ನಾಯಕಿಯ ಮೇಲಿನ ಸಿಟ್ಟಿಗೆ ಅದನ್ನು ನೋಡುವ ಆಸೆಯಿಲ್ಲವೆಂದು ಸಾವಿರಾರು ಜನ ಅಂತರ್ಜಾಲದಲ್ಲಿ ಒತ್ತಿದರು. ಸಿನಿಮಾ ವಿಮರ್ಶೆಗಳ ರಾಟನ್ ಟೊಮೆಟೋಸ್ ತಾಣ, ಬಿಡುಗಡೆಗೆ ಮುಂಚೆ ನೋಡುವ ಆಸೆಯನ್ನು ಅಳೆಯುತ್ತಿದ್ದ ಅಂಕಿಯನ್ನೂ ಆಗ ಜನ ಬರೆಯುತ್ತಿದ್ದ ಟಿಪ್ಪಣಿಗಳನ್ನೂ ತೆಗೆದುಹಾಕಬೇಕಾಯಿತು. 1988ರಲ್ಲೂ ಸಿಟ್ಟಿತ್ತು. ಆದರೆ ಆ ಸಿಟ್ಟಿನ ಪತ್ರದ ಕೆಳಗೆ ಬರೆದವರ ಹೆಸರು, ವಿಳಾಸ, ಸಹಿ ಇರುತ್ತಿತ್ತು. ಹೆಸರು ಹಾಕಿ ಬೈದವನಿಗೆ ಮುಂದೊಂದು ದಿನ ಹೆಸರು ಹಾಕಿ ಕ್ಷಮೆ ಕೇಳುವ ದಾರಿಯೂ ತೆರೆದಿರುತ್ತದೆ.

ಇದೇ ವರ್ಷಗಳಲ್ಲಿ ಹಳೆಯ ಒಳ್ಳೆಯತನವೂ ಉಳಿದಿತ್ತು. 2018ರ ಜನವರಿಯಲ್ಲಿ ಫ್ರೆಡರಿಕ್ ಜೋಸೆಫ್ ಎಂಬವರು ನ್ಯೂಯಾರ್ಕಿನ ಹಾರ್ಲೆಮ್‌ನ ಮಕ್ಕಳಿಗೆ 'ಬ್ಲ್ಯಾಕ್ ಪ್ಯಾಂಥರ್' ತೋರಿಸಲು 10,000 ಡಾಲರ್ ಬೇಕೆಂದು ಕೇಳಿದರು. 40,000ಕ್ಕೂ ಮೀರಿ ಬಂತು, ಊರೂರಲ್ಲಿ ಜನ ಅದೇ ಕೆಲಸ ಮಾಡಿದರು. 'ಜಸ್ಟೀಸ್ ಲೀಗ್' ಚಿತ್ರದ ನಿರ್ದೇಶಕ ಜ್ಯಾಕ್ ಸ್ನೈಡರ್ ಮನೆಯ ದುಃಖದಿಂದ ನಡುವೆ ಹೊರಬಂದಾಗ, ಅವರ ಮೂಲ ರೂಪವೇ ಬೇಕೆಂದು ಅಭಿಮಾನಿಗಳು ಎರಡು ವರ್ಷಕ್ಕೂ ಹೆಚ್ಚು ಕಾಲ ಕೇಳಿದರು. ಅವರಲ್ಲಿ ಕೆಲವರ ಮಾತು ತೀರಾ ಒರಟಾಗಿತ್ತು. ಆದರೆ ಅವರೇ ಆತ್ಮಹತ್ಯೆ ತಡೆಯುವ ಸಂಸ್ಥೆಗೆ ಐದು ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿಕೊಟ್ಟರು. 242 ನಿಮಿಷಗಳ ಆ ರೂಪ 2021ರ ಮಾರ್ಚ್ 18ರಂದು ಬಂತು. ಮರುವರ್ಷ ಆಗಸ್ಟಿನಲ್ಲಿ, ಚಿತ್ರೀಕರಣ ಮುಗಿದಿದ್ದ 'ಬ್ಯಾಟ್‌ಗರ್ಲ್' ಚಿತ್ರವನ್ನು ಬಿಡುಗಡೆ ಮಾಡುವುದಿಲ್ಲವೆಂದು ವಾರ್ನರ್ ಕಂಪನಿ ಹೇಳಿತು. ನನಗೆ ಗೆಳೆಯರ ಮನೆಯ ಕದಡಿದ ಬಣ್ಣದ ಕ್ಯಾಸೆಟ್ ನೆನಪಾಯಿತು.

ನಮ್ಮ ಭಾಷೆಯವರು ಈ ಸಾಲಿಗೆ ತಡವಾಗಿ ಸೇರಿದರು. 'ಎಂಡ್‌ಗೇಮ್' ಮುನ್ನ ಎ.ಆರ್. ರೆಹಮಾನ್ ಭಾರತದ ಅಭಿಮಾನಿಗಳಿಗಾಗಿ ಮಾಡಿದ ಗೀತೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಸಾಗರದಲ್ಲಿರುವ ನನ್ನ ತಮ್ಮನ ಮಗ ಫೋನಿನಲ್ಲಿ, "ಅತ್ತೆ, ನಾವೂ ಕಾಯ್ತಾ ಇದೀವಲ್ಲ, ಕನ್ನಡದಲ್ಲಿ ಯಾಕಿಲ್ಲ?" ಎಂದು ಕೇಳಿದ. ದಶಕಗಳ ಕಾಲ ಕನ್ನಡದಲ್ಲಿ ಡಬ್ಬಿಂಗ್‌ಗೆ ಅಘೋಷಿತ ತಡೆಯಿತ್ತು. ಅದರ ವಿರುದ್ಧ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಟ್ಟ ಮೇಲೆ ಬಾಗಿಲು ನಿಧಾನವಾಗಿ ತೆರೆಯಿತು. 2022ರ ಡಿಸೆಂಬರಿನಲ್ಲಿ 'ಅವತಾರ್'ನ ಎರಡನೆಯ ಭಾಗ ಕನ್ನಡದಲ್ಲೂ ಬಂತು. 2023ರ ಜೂನಿನಲ್ಲಿ 'ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್' ಭಾರತದಲ್ಲಿ ಹತ್ತು ಭಾಷೆಗಳಲ್ಲಿ ತೆರೆಕಂಡಿತು, ಅದರಲ್ಲಿ ಕನ್ನಡವೂ ಇತ್ತು. ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಸ್ಪೈಡರ್-ಮ್ಯಾನ್ ಆ ಚಿತ್ರದಲ್ಲಿದ್ದಾನೆ. ಅವನು ಕನ್ನಡದಲ್ಲಿ ಮಾತಾಡಿದ್ದನ್ನು ಕೇಳಿ ಹುಡುಗ ಅವತ್ತು ರಾತ್ರಿಯೇ ನನಗೆ ಫೋನ್ ಮಾಡಿದ. ಪರಭಾಷೆಯ ಚಿತ್ರಗಳಿಂದ ನಮ್ಮ ಚಿತ್ರರಂಗಕ್ಕೆ ಪೆಟ್ಟಾಗಬಾರದು ಎಂದು ತಡೆ ಹಾಕಿದವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಮಗು ಕಾಯುವುದನ್ನು ಯಾರೂ ತಡೆಯಲಾರರು. ತನ್ನ ಭಾಷೆಯಲ್ಲಿ ಸಿಗದಿದ್ದರೆ ಅದು ಬೇರೆ ಭಾಷೆಯಲ್ಲಿ ಕಾಯುತ್ತದೆ, ಅಷ್ಟೇ.

ನನ್ನ ಗೆಳೆಯರು ಈಗಿಲ್ಲ. ಅವರ ಮನೆಯವರು ಅವರ ಕಾಮಿಕ್ಸ್ ಪೆಟ್ಟಿಗೆಗಳನ್ನು ಗ್ರಂಥಾಲಯಕ್ಕೆ ಕೊಟ್ಟಾಗ, ಕ್ಷಮೆ ಕೇಳಿದ ಆ ಪತ್ರದ ಕಾರ್ಬನ್ ಪ್ರತಿಯೂ ಒಂದು ಪೆಟ್ಟಿಗೆಯ ತಳದಲ್ಲಿತ್ತು.

ನಾನಿದನ್ನು ಬರೆಯುವ ಹೊತ್ತಿಗೆ 'ಅವೆಂಜರ್ಸ್: ಡೂಮ್ಸ್‌ಡೇ' ಮತ್ತು 'ಡ್ಯೂನ್'ನ ಮೂರನೆಯ ಭಾಗ ಎರಡಕ್ಕೂ 2026ರ ಡಿಸೆಂಬರ್ 18 ಎಂದು ದಿನ ಗೊತ್ತಾಗಿದೆ. ನಿಮ್ಮ ಮನೆಯಲ್ಲೂ ಯಾರೋ ದಿನ ಎಣಿಸುತ್ತಿರಬಹುದು. ಅದನ್ನು ಹುಚ್ಚೆಂದು ತಳ್ಳಿಹಾಕಬೇಡಿ. ಪಕ್ಕದಲ್ಲಿ ಕುಳಿತು ಕತೆ ಕೇಳಿ, ಮಗು ತಾನೇ ಕಟ್ಟಿಕೊಂಡ ಮುಂದಿನ ಕಂತನ್ನೂ ಕೇಳಿ. ಸಿನಿಮಾ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದು ಹೆಸರು ಹಾಕಿ ಬರೆಯಲು ಕಲಿಸಿ. ಸೀಟಿಗೆ ನಂಬರ್ ಇದ್ದರೂ ಥಿಯೇಟರಿಗೆ ಒಂದು ಗಂಟೆ ಮೊದಲೇ ಹೋಗಿ, ಪಕ್ಕದಲ್ಲಿ ನಿಂತವರನ್ನು ಮಾತಾಡಿಸಿ. ಬರುವ ಡಿಸೆಂಬರಿನಲ್ಲಿ ನಾನು ಹಾಗೇ ಮಾಡುತ್ತೇನೆ. ಚಿತ್ರಾನ್ನವನ್ನು ಆರು ಜನಕ್ಕಾಗುವಷ್ಟು ಕಲಸುತ್ತೇನೆ.